ಕಾಲೇಜಿನ ಕನ್ಫೆಷನ್ ಪೇಜಿನಲ್ಲಿ ನಮ್ಮ ಹುಡುಗಿಯ ಫೋಟೊ. ಏನು ಮಾಡಬೇಕು, ತಿಳಿದವರು ಹೇಳಿ

ವಿಜಯಪುರದ ಮೌಶಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನನ್ನ ಅಕ್ಕನ ಮಗಳು ಪಿಯುಸಿ ಎರಡನೇ ವರ್ಷ, ಸೈನ್ಸ್. ವಯಸ್ಸು 17. ಇಲ್ಲಿ ವಿಜಯಪುರದಲ್ಲಿ ನಮ್ಮ ಮನೆಯಲ್ಲೇ ಇದ್ದು ಓದುತ್ತಾಳೆ. ಕಾಲೇಜಿನ ಹೆಸರು ಹೇಳುವುದಿಲ್ಲ. ಆ ಕಾಲೇಜಿನ ಹೆಸರು ಇಟ್ಟುಕೊಂಡು ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ಕನ್ಫೆಷನ್ ಪೇಜ್ ಇದೆ. ಕಾಲೇಜಿನವರು ಮಾಡಿದ್ದಲ್ಲ, ಹುಡುಗರೇ ಯಾರೋ ಮಾಡಿದ್ದು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಒಂದು ಗೂಗಲ್ ಫಾರ್ಮ್ ಕೊಟ್ಟಿರುತ್ತಾರೆ. ಯಾರು ಬೇಕಾದರೂ ಹೆಸರು ಹೇಳದೆ ಅದರಲ್ಲಿ ಬರೆದು ಕಳಿಸಬಹುದು. ಪೇಜ್ ನಡೆಸುವವನು ಅದನ್ನು ಪೋಸ್ಟ್ ಮಾಡುತ್ತಾನೆ. ಮೊದಮೊದಲು "ಫಸ್ಟ್ ಬೆಂಚಿನ ನೀಲಿ ಚೂಡಿದಾರ್ ಹುಡುಗಿ ಚಂದ ಇದ್ದಾಳೆ" ಅನ್ನುವಂಥದ್ದೇ ಇತ್ತಂತೆ. ಆಮೇಲೆ ಹೆಸರು ಹಿಡಿದು ಬರೆಯಲು ಶುರು ಮಾಡಿದರು.

ಹೋದ ತಿಂಗಳು ನಮ್ಮ ಹುಡುಗಿಯ ಫೋಟೊ ಬಂತು. ಸಿದ್ಧೇಶ್ವರ ಜಾತ್ರೆಯಲ್ಲಿ ಗೆಳತಿಯರ ಜೊತೆ ತೆಗೆಸಿಕೊಂಡದ್ದು. ಗೆಳತಿಯರನ್ನು ಕತ್ತರಿಸಿ, ಪಕ್ಕಕ್ಕೆ ಕ್ಲಾಸಿನ ಒಬ್ಬ ಹುಡುಗನ ಫೋಟೊ ಅಂಟಿಸಿ, ಕೆಳಗೆ ಎರಡು ಸಾಲು ಬರೆದಿದ್ದರು. ಆ ಸಾಲು ಇಲ್ಲಿ ಬರೆಯಲು ನನಗೆ ಕೈ ಬರುವುದಿಲ್ಲ. ಆ ಫೋಟೊ ಅವಳು ಹಾಕಿದ್ದು ವಾಟ್ಸಾಪ್ ಸ್ಟೇಟಸ್‌ನಲ್ಲಿ ಮಾತ್ರ. ಸ್ಟೇಟಸ್ ಕಾಣುವುದು ಪರಸ್ಪರ ನಂಬರ್ ಇಟ್ಟುಕೊಂಡವರಿಗೆ. ಅಂದರೆ ಗುರುತಿನವರೇ ಮಾಡಿದ್ದಾರೆ. ಎಲ್ಲಕ್ಕಿಂತ ಜಾಸ್ತಿ ಸಂಕಟ ಆಗಿದ್ದು ಅವಳಿಗೆ ಅದೇ.

ಅಲ್ಲಿಗೇ ನಿಲ್ಲಲಿಲ್ಲ. ಅವಳ ಮುಖ ಕತ್ತರಿಸಿ ಸ್ಟಿಕ್ಕರ್ ಮಾಡಿದರು. ಹುಡುಗರ ವಾಟ್ಸಾಪ್ ಗ್ರೂಪಿನಲ್ಲಿ ಏನೇ ಮಾತು ಬಂದರೂ ಅದರ ಕೆಳಗೆ ಆ ಸ್ಟಿಕ್ಕರ್. ಯಾರೋ ಪ್ರಾಕ್ಟಿಕಲ್ ಪರೀಕ್ಷೆ ಯಾವಾಗ ಎಂದು ಕೇಳಿದರೂ ಅದೇ ಉತ್ತರ. ಗ್ರೂಪಿನಲ್ಲಿ ಇಡೀ ಕ್ಲಾಸ್ ಇದೆ. ಒಬ್ಬರೂ "ಸಾಕು ಬಿಡ್ರಪ್ಪಾ" ಅನ್ನಲಿಲ್ಲ.

ನಮಗೆ ಗೊತ್ತಾಗಿದ್ದು ತಡವಾಗಿ. ಹೊಟ್ಟೆನೋವು ಎಂದು ಕಾಲೇಜು ತಪ್ಪಿಸುತ್ತಿದ್ದಳು. ರೊಟ್ಟಿ ತಟ್ಟೆಯಲ್ಲೇ ಉಳಿಯುತ್ತಿತ್ತು. ಕೊನೆಗೆ ಒಂದು ರಾತ್ರಿ "ಮೌಶಿ, ನೀವು ಅಪ್ಪನಿಗೆ ಹೇಳುವುದಿಲ್ಲ ಎಂದು ಮಾತು ಕೊಟ್ಟರೆ ಹೇಳುತ್ತೇನೆ" ಎಂದಳು. ಅಪ್ಪನಿಗೆ ಗೊತ್ತಾದರೆ ಫೋನ್ ಕಸಿದುಕೊಂಡು ಊರಿಗೆ ಕರೆದೊಯ್ಯುತ್ತಾನೆ ಎಂಬ ಭಯ. ಆ ಭಯ ಸುಳ್ಳಾಗಲಿಲ್ಲ. ಅವಳನ್ನು ಒಪ್ಪಿಸಿಯೇ ನಮ್ಮ ಭಾವನವರಿಗೆ ತಿಳಿಸಿದೆ. ಅವರು ಮೊದಲು ಹೇಳಿದ್ದೇ "ಫೋನ್ ಕೊಡಿಸಿದ್ದೇ ತಪ್ಪು, ಓದಿದ್ದು ಸಾಕು" ಅಂತ.

ಈಗ ಹೇಳಿ. ಕಾಲೇಜಿಗೆ ಹೋಗಬೇಕಾ, ಪೊಲೀಸರ ಹತ್ತಿರ ಹೋಗಬೇಕಾ? ಪೇಜ್ ತೆಗೆಸುವುದು ಹೇಗೆ? ಹುಡುಗಿಯ ಹೆಸರು ಹೊರಗೆ ಬರುತ್ತದಾ? ನಿಮ್ಮ ಊರುಗಳಲ್ಲೂ ಹೀಗೆಲ್ಲ ನಡೆಯುತ್ತಿದೆಯಾ?

ಇಂಡಿ ಲಿಂಬೆ ತೋಟ

ಅಕ್ಕಾ, ಓದಿ ಬೇಜಾರಾಯಿತು. ಆದರೆ ನನ್ನ ಅಭಿಪ್ರಾಯ ಬೇರೆ ಇದೆ, ತಪ್ಪು ತಿಳಿಯಬೇಡಿ. ಚುಡಾಯಿಸುವವರು ಮೊದಲೂ ಇದ್ದರು. ನಾವು ಕಾಲೇಜಿಗೆ ಹೋಗುವಾಗ ಬಸ್ ಸೀಟಿನ ಬೆನ್ನ ಮೇಲೆ ಹುಡುಗ ಹುಡುಗಿಯ ಹೆಸರು ಕೂಡಿಸಿ ಬರೆಯುತ್ತಿದ್ದರು. ಕಾಲೇಜಿನ ಗೋಡೆಯ ಮೇಲೂ ಬರೆಯುತ್ತಿದ್ದರು. ನಾಲ್ಕು ದಿನ ನಗುತ್ತಿದ್ದರು, ಆಮೇಲೆ ಮರೆಯುತ್ತಿದ್ದರು. ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿದರೆ ಮಾತು ಇನ್ನೂ ಹತ್ತು ಮನೆಗೆ ಹೋಗುತ್ತದೆ. ಬ್ಲಾಕ್ ಮಾಡಿ, ಸುಮ್ನೆ ಇದ್ದುಬಿಡಿ. ಪರೀಕ್ಷೆ ಮುಗಿದರೆ ಎಲ್ಲರೂ ಅವರವರ ದಾರಿ ಹಿಡಿಯುತ್ತಾರೆ.

ನವನಗರದ ಮೇಷ್ಟ್ರು

ಇಂಡಿಯವರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಗೋಡೆ ಬರಹ ಬೇರೆ, ಇದು ಬೇರೆ. ನಾನು ಬಾಗಲಕೋಟೆಯಲ್ಲಿ ಹೈಸ್ಕೂಲ್ ಶಿಕ್ಷಕ, ಎರಡನ್ನೂ ನೋಡಿದ್ದೇನೆ.

ಗೋಡೆಯ ಮೇಲೆ ಬರೆದದ್ದಕ್ಕೆ ಸುಣ್ಣ ಹೊಡೆದರೆ ಮುಗಿಯಿತು. ಆ ಗೋಡೆ ದಾಟಿ ಮನೆಗೆ ಬಂದರೆ ಹುಡುಗಿಗೆ ನೆಮ್ಮದಿ ಇತ್ತು. ಈಗ ಅದು ಅವಳ ಹಾಸಿಗೆಯವರೆಗೂ ಬರುತ್ತದೆ. ರಾತ್ರಿ 11ಕ್ಕೆ ಫೋನ್ ಟಿಣ್ ಅಂದರೆ ಎದೆ ಧಸಕ್ ಅನ್ನುತ್ತದೆ. ನೋಡದೆ ಇದ್ದರೆ ಏನು ಬರೆದಿದ್ದಾರೋ ಎಂಬ ಚಿಂತೆ, ನೋಡಿದರೆ ನಿದ್ದೆ ಇಲ್ಲ. ಬ್ಲಾಕ್ ಮಾಡಿದರೂ ಉಳಿದವರು ನೋಡುತ್ತಲೇ ಇರುತ್ತಾರೆ, ಅಲ್ವಾ? ಬೆಳಿಗ್ಗೆ ಅವಳು ಹೋಗಿ ಕೂರಬೇಕಾದ್ದು ಅವರ ನಡುವೆಯೇ.

ಇನ್ನೊಂದು ಮಾತು. ನಮ್ಮ ಓಣಿಗಳಲ್ಲಿ ಮಾತಿಗೆ ಒಂದು ಹಿಡಿತ ಇತ್ತು. ಕಟ್ಟೆಯ ಮೇಲೆ ಕೂತ ಯಾವನಾದರೂ ಹುಡುಗ ಅಡ್ಡ ಮಾತಾಡಿದರೆ, ಹಿರಿಯರು ಯಾರಾದರೂ "ಯಾರ ಮಗನೋ ನೀ" ಎಂದು ಕೇಳುತ್ತಿದ್ದರು. ಆ ಒಂದು ಪ್ರಶ್ನೆಗೆ ಹುಡುಗ ತಲೆ ತಗ್ಗಿಸುತ್ತಿದ್ದ. ಕನ್ಫೆಷನ್ ಪೇಜಿನಲ್ಲಿ ಆ ಪ್ರಶ್ನೆ ಕೇಳುವವರೇ ಇಲ್ಲ. ಬರೆದವನ ಹೆಸರು ಇಲ್ಲ, ಬೈಸಿಕೊಂಡವಳ ಹೆಸರು ಮತ್ತು ಮುಖ ಮಾತ್ರ ಇದೆ.

ಈ ಕ್ಲಾಸ್ ಗ್ರೂಪುಗಳು ಬಂದದ್ದು ಹೇಗೆ ನೆನಪಿದೆಯಾ? 2020ರ ಲಾಕ್‌ಡೌನ್‌ನಲ್ಲಿ. ಶಾಲೆ ಮುಚ್ಚಿತ್ತು. ಪಾಠ ಕಳಿಸಬೇಕಲ್ಲ ಎಂದು ನಾವೇ ಶಿಕ್ಷಕರು ಗ್ರೂಪ್ ಮಾಡಿದೆವು. ಅಲ್ಲಿಯವರೆಗೆ ಮನೆಯಲ್ಲಿ ಒಂದು ಫೋನ್, ಅದೂ ಅಪ್ಪನ ಜೇಬಿನಲ್ಲಿ. ಸಾಲ ಮಾಡಿ ಮಕ್ಕಳಿಗೆ ಫೋನ್ ಕೊಡಿಸಿದ ತಂದೆ ತಾಯಿ ನನಗೆ ಗೊತ್ತು. ಶಾಲೆ ತೆರೆಯಿತು, ಫೋನ್ ಮಕ್ಕಳ ಕೈಯಲ್ಲೇ ಉಳಿಯಿತು. ಫೋನ್ ಬಳಸುವುದನ್ನು ಎಲ್ಲರೂ ಕಲಿತರು. ಅದರಲ್ಲಿ ಒಬ್ಬರಿಗೊಬ್ಬರು ಹೇಗೆ ಮಾತಾಡಬೇಕು ಎಂಬುದನ್ನು ನಾವು ಯಾರೂ ಕಲಿಸಲಿಲ್ಲ.

ಮೌಶಿಯವರೇ, ನೀವು ಬರೆದದ್ದರಲ್ಲಿ ನನಗೆ ಚುಚ್ಚಿದ್ದು "ಒಬ್ಬರೂ ಅನ್ನಲಿಲ್ಲ" ಎಂಬ ಮಾತು. ಬರೆಯುವವರು ಇಬ್ಬರೋ ಮೂವರೋ ಇರುತ್ತಾರೆ. ಉಳಿದವರಿಗೆ ಅದು ತಪ್ಪು ಎಂದು ಗೊತ್ತಿರುತ್ತದೆ. ಮಾತಾಡಿದರೆ ಮುಂದಿನ ಸ್ಟಿಕ್ಕರ್ ನನ್ನದೇ ಆಗುತ್ತದೆ ಎಂಬ ಹೆದರಿಕೆ ಅವರಿಗೆ. ನಾನು ನನ್ನ ಮಕ್ಕಳಿಗೆ ಹೇಳುವುದು ಇಷ್ಟು: ಗ್ರೂಪಿನಲ್ಲಿ ಎದುರು ಹಾಕಿಕೊಳ್ಳುವ ಧೈರ್ಯ ಇಲ್ಲವಾ, ಬೇಡ. ಆ ಹುಡುಗಿಗೆ ಒಬ್ಬಳಿಗೇ ಒಂದು ಮೆಸೇಜ್ ಕಳಿಸು. "ನನಗೆ ಇದು ಹಿಡಿಸಲಿಲ್ಲ, ನಾಳೆ ಒಟ್ಟಿಗೆ ಕ್ಲಾಸಿಗೆ ಹೋಗೋಣ" ಎಂದು ಬರಿ. ಅಷ್ಟು ಮಾಡಿದರೂ ಅವಳು ಮರುದಿನ ಶಾಲೆಗೆ ಬರುತ್ತಾಳೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಬೆಳಗಾವಿ ಹಾಸ್ಟೆಲ್ ಹುಡುಗಿ

ಮೌಶಿ, ನಾನು ಇಂಜಿನಿಯರಿಂಗ್ ಮೂರನೇ ವರ್ಷ, ಬೆಳಗಾವಿ. ನಮ್ಮ ಕಡೆಯೂ ಇಂಥ ಪೇಜ್‌ಗಳು ಇವೆ. ಮೊದಲು ಕೆಲಸದ ಮಾತು ಹೇಳುತ್ತೇನೆ, ಇವತ್ತೇ ಮಾಡಿ.

ರಿಪೋರ್ಟ್ ಮಾಡುವ ಮೊದಲು ಸಾಕ್ಷಿ ಉಳಿಸಿಕೊಳ್ಳಿ. ಸ್ಕ್ರೀನ್‌ಶಾಟ್ ಒಂದೇ ಸಾಲದು. ಪೋಸ್ಟಿನ ಮೂಲೆಯಲ್ಲಿ ಮೂರು ಚುಕ್ಕೆ ಇರುತ್ತವೆ, ಅಲ್ಲಿಂದ ಲಿಂಕ್ ಕಾಪಿ ಮಾಡಿ ಇಟ್ಟುಕೊಳ್ಳಿ. ಪೇಜಿನ ಲಿಂಕ್ ಕೂಡ. ಪೇಜಿನ ಹೆಸರನ್ನು ಅವರು ಯಾವಾಗ ಬೇಕಾದರೂ ಬದಲಿಸಬಹುದು. ಫೋನಿನ ಸ್ಕ್ರೀನ್ ರೆಕಾರ್ಡರ್ ಆನ್ ಮಾಡಿ ಪೇಜ್, ಪೋಸ್ಟ್, ಕಾಮೆಂಟ್, ಕಾಮೆಂಟ್ ಹಾಕಿದವರ ಪ್ರೊಫೈಲ್ ಎಲ್ಲ ಒಂದೊಂದಾಗಿ ತೆರೆದು ತೋರಿಸಿ. ವಾಟ್ಸಾಪ್ ಗ್ರೂಪಿನಲ್ಲಿ ಡಿಸಪಿಯರಿಂಗ್ ಮೆಸೇಜ್, ಅಂದರೆ ಮೆಸೇಜ್ ತಾನಾಗಿ ಅಳಿಸಿಹೋಗುವ ಸೆಟ್ಟಿಂಗ್, ಆನ್ ಇದೆಯಾ ನೋಡಿ, ಇದ್ದರೆ ತಡ ಮಾಡಬೇಡಿ. ಗ್ರೂಪ್ ಬಿಡುವ ಮೊದಲು ಚಾಟ್ ಎಕ್ಸ್‌ಪೋರ್ಟ್ ಮಾಡಿ. ಅವಳ ಫೋನಿನಿಂದ ಏನನ್ನೂ ಅಳಿಸಬೇಡಿ.

ಆಮೇಲೆ ರಿಪೋರ್ಟ್. ಇನ್‌ಸ್ಟಾಗ್ರಾಮ್‌ನಲ್ಲಿ "ಇಷ್ಟವಿಲ್ಲ" ಅನ್ನುವುದನ್ನು ಒತ್ತಬೇಡಿ. ಬುಲ್ಲಿಯಿಂಗ್, ಹರಾಸ್‌ಮೆಂಟ್ ಅನ್ನುವುದನ್ನು ಆರಿಸಿ. ಗೆಳತಿಯರಿಗೆ "ಎಲ್ಲರೂ ರಿಪೋರ್ಟ್ ಹೊಡೀರಿ" ಎಂದು ಆ ಪೋಸ್ಟಿನ ಲಿಂಕ್ ಹಂಚಬೇಡಿ. ಹಂಚಿದಷ್ಟೂ ನೋಡುವವರು ಜಾಸ್ತಿ ಆಗುತ್ತಾರೆ.

ಕಾಮೆಂಟ್ ಹಾಕಿ ಕಾಡುವವರನ್ನು ಬ್ಲಾಕ್ ಮಾಡಿದರೆ ಅವರಿಗೆ ಗೊತ್ತಾಗುತ್ತದೆ, ಇನ್ನೊಂದು ಅಕೌಂಟ್‌ನಿಂದ ಬರುತ್ತಾರೆ. ಅದರ ಬದಲು ರಿಸ್ಟ್ರಿಕ್ಟ್ ಎಂಬುದಿದೆ. ಅದನ್ನು ಒತ್ತಿದರೆ ಅವರ ಕಾಮೆಂಟ್ ಅವರಿಗೊಬ್ಬರಿಗೇ ಕಾಣುತ್ತದೆ. ಮೆಸೇಜ್ ರಿಕ್ವೆಸ್ಟ್ ಡಬ್ಬಿಗೆ ಹೋಗುತ್ತದೆ. ಅವರಿಗೆ ಸುಳಿವೂ ಸಿಗುವುದಿಲ್ಲ.

ಸ್ಟೇಟಸ್ ವಿಷಯ. ವಾಟ್ಸಾಪ್‌ನಲ್ಲಿ ಸ್ಟೇಟಸ್ ಯಾರಿಗೆ ಕಾಣಬೇಕು ಎಂದು ಆರಿಸಬಹುದು. ಅವಳು ನಂಬುವ ಹತ್ತು ಜನರಿಗೆ ಮಾತ್ರ ಇಡಲಿ. ಪ್ರೊಫೈಲ್ ಫೋಟೊಗೂ ಹಾಗೆಯೇ. ಫೋಟೊ ಹಾಕುವುದನ್ನೇ ಬಿಡು ಎಂದು ಮಾತ್ರ ಹೇಳಬೇಡಿ. ಜಾತ್ರೆಗೆ ಹೋಗಿ ಫೋಟೊ ತೆಗೆಸಿಕೊಳ್ಳುವುದರಲ್ಲಿ ಏನು ತಪ್ಪಿದೆ?

ಇನ್ನೊಂದು. ಇವಳ ವಿಷಯಕ್ಕೆ ಬೇಕಾಗಿಲ್ಲ, ಆದರೆ ಓದುವ ಬೇರೆಯವರಿಗೆ ಬೇಕಾಗಬಹುದು. ಬೆತ್ತಲೆ ಅಥವಾ ಖಾಸಗಿ ಫೋಟೊ ಹರಿಬಿಡುತ್ತೇವೆ ಎಂದು ಯಾರಾದರೂ ಹೆದರಿಸಿದರೆ, 18 ತುಂಬದವರಿಗೆ ಟೇಕ್ ಇಟ್ ಡೌನ್, ತುಂಬಿದವರಿಗೆ ಸ್ಟಾಪ್ ಎನ್‌ಸಿಐಐ ಎಂಬ ಸೇವೆಗಳಿವೆ. ಎರಡೂ ಉಚಿತ. ಫೋಟೊ ನಿಮ್ಮ ಫೋನ್ ಬಿಟ್ಟು ಎಲ್ಲೂ ಹೋಗುವುದಿಲ್ಲ. ಅದರಿಂದ ಒಂದು ಗುರುತಿನ ಸಂಖ್ಯೆ ಮಾತ್ರ ತಯಾರಾಗುತ್ತದೆ. ಇದರಲ್ಲಿ ಸೇರಿರುವ ಕಂಪನಿಗಳು ಆ ಸಂಖ್ಯೆ ಹಿಡಿದು ಅದೇ ಫೋಟೊ ಹುಡುಕಿ ತಡೆಯುತ್ತವೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಎರಡೂ ಇದರಲ್ಲಿ ಇವೆ.

ಕೊನೆಯದಾಗಿ ಅವಳ ಅಪ್ಪನಿಗೆ ನನ್ನ ಮಾತು ತಲುಪಿಸಿ. ಕಾಕಾ, ನಮ್ಮ ಹಾಸ್ಟೆಲ್‌ನಲ್ಲಿ ಇಂಥ ಕಷ್ಟ ಬಂದವರು ಮೊದಲು ಮುಚ್ಚಿಡುವುದು ಮನೆಯವರಿಂದಲೇ. ಫೋನ್ ಹೋಗುತ್ತದೆ, ಓದು ನಿಲ್ಲುತ್ತದೆ, ಮದುವೆ ಮಾತು ಬರುತ್ತದೆ ಎಂದು. ನೀವು ಫೋನ್ ಕಸಿದರೆ ಕಾಡಿದವನಿಗೆ ಏನೂ ಆಗುವುದಿಲ್ಲ. ಶಿಕ್ಷೆ ಆಗುವುದು ನಿಮ್ಮ ಮಗಳಿಗೆ.

ಗೋಕಾಕದ ಫೌಜಿ ಮನೆಯಾಕೆ

ತಂಗಿ ಹೇಳಿದ ಕೊನೆಯ ಮಾತು ಸರಿಯಾಗಿದೆ. ನನ್ನ ಯಜಮಾನರು ಸೈನ್ಯದಲ್ಲಿದ್ದಾರೆ. ನನ್ನ ಮಾವನವರೂ ಸೈನ್ಯದಲ್ಲಿದ್ದವರೇ. ಅವರ ಕಾಲದಲ್ಲಿ ಅತ್ತೆ ಇನ್‌ಲ್ಯಾಂಡ್ ಲೆಟರ್‌ಗೆ ಕಾಯುತ್ತಿದ್ದರು. ಬಂದರೂ ಓದಲು ಬರುತ್ತಿರಲಿಲ್ಲ, ಪೋಸ್ಟ್‌ಮನ್ನೇ ಅಂಗಳದಲ್ಲಿ ನಿಂತು ಓದಿ ಹೇಳಬೇಕು. ಗಂಡ ಹೆಂಡತಿಯ ಮಾತು ಓಣಿಗೆಲ್ಲ ಕೇಳುತ್ತಿತ್ತು. ಇವತ್ತು ಅದೇ ಅತ್ತೆ ವಾಟ್ಸಾಪ್‌ನಲ್ಲಿ ಮೈಕಿನ ಗುರುತು ಒತ್ತಿ ಹಿಡಿದು ಮಗನ ಜೊತೆ ಮಾತಾಡುತ್ತಾರೆ. "ಉಂಡಿಯೇನಪಾ" ಎಂದು ಕೇಳಿ ಕಳಿಸುತ್ತಾರೆ. ಸಿಗ್ನಲ್ ಸಿಕ್ಕಾಗ ಅವರು ಉತ್ತರಿಸುತ್ತಾರೆ. ಅಕ್ಷರ ಬಾರದ ತಾಯಿಗೆ ಇದು ದೊಡ್ಡ ಸಂಗತಿ. ಇಂಥ ವಸ್ತುವನ್ನು ಮಕ್ಕಳ ಕೈಯಿಂದ ಕಸಿಯುವುದಲ್ಲ, ಅದರಲ್ಲಿ ಹೊಲಸು ಮಾಡುವವರನ್ನು ಹಿಡಿಯಬೇಕು.

ಟಿಳಕವಾಡಿ ವಕೀಲೆ

ಬೆಳಗಾವಿಯಲ್ಲಿ ವಕೀಲಿ ಮಾಡುತ್ತೇನೆ. ಮೌಶಿಯವರ ಪ್ರಶ್ನೆಗಳಿಗೆ ನೇರ ಉತ್ತರ ಕೊಡುತ್ತೇನೆ.

ಪೊಲೀಸರ ಹತ್ತಿರ ಹೋಗಬಹುದು, ಹೋಗಬೇಕು. ನಮ್ಮ ರಾಜ್ಯದ ಜಿಲ್ಲೆಗಳಲ್ಲಿ ಸಿಇಎನ್ ಪೊಲೀಸ್ ಠಾಣೆಗಳಿವೆ. ಸೈಬರ್ ಅಪರಾಧ ನೋಡುವುದು ಅವರೇ. ವಿಜಯಪುರದಲ್ಲೂ ಇದೆ, ಬಾಗಲಕೋಟೆಯಲ್ಲೂ ಇದೆ. ಅಲ್ಲಿಗೆ ಹೋಗಲು ಆಗದಿದ್ದರೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ನಮ್ಮ ವ್ಯಾಪ್ತಿ ಅಲ್ಲ ಎಂದು ತಿರುಗಿ ಕಳಿಸುವ ಹಾಗಿಲ್ಲ, ಜೀರೊ ಎಫ್‌ಐಆರ್ ಮಾಡಿ ವರ್ಗಾಯಿಸಬೇಕು. ಮನೆಯಿಂದಲೇ ಕೊಡುವುದಾದರೆ ಸೈಬರ್‌ಕ್ರೈಂ ಡಾಟ್ ಗೌವ್ ಡಾಟ್ ಇನ್. ಅದರಲ್ಲಿ ಮಹಿಳೆಯರು ಮತ್ತು ಮಕ್ಕಳ ವಿಭಾಗ ಬೇರೆ ಇದೆ, ಹೆಸರು ಹೇಳದೆಯೂ ದೂರು ಹಾಕಬಹುದು. ಆದರೆ ದೂರು ಎಲ್ಲಿಗೆ ಬಂತು ಎಂದು ನೋಡಬೇಕೆಂದರೆ ಮೊಬೈಲ್ ನಂಬರ್ ಕೊಟ್ಟೇ ಹಾಕಿ. 1930 ಎಂಬ ನಂಬರ್ ಮುಖ್ಯವಾಗಿ ಹಣದ ಮೋಸಕ್ಕೆ ಇರುವುದು, ಗೊಂದಲ ಬೇಡ.

ಹೆಸರು ಹೊರಬರುತ್ತದಾ ಎಂದು ಕೇಳಿದ್ದೀರಿ. ಅವಳಿಗೆ 18 ತುಂಬಿಲ್ಲ. ಲೈಂಗಿಕ ಅರ್ಥದ ಮಾತು, ಚಿತ್ರ ಇದ್ದರೆ ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಕಾಯ್ದೆ ಬರುತ್ತದೆ. ಅದರಡಿ ಮಗುವಿನ ಹೆಸರು, ಫೋಟೊ, ಶಾಲೆ, ಮನೆ ಯಾವುದನ್ನೂ ಮಾಧ್ಯಮದವರು ಪ್ರಕಟಿಸುವಂತಿಲ್ಲ. ಹೇಳಿಕೆಯನ್ನು ಮನೆಯಲ್ಲೇ ತೆಗೆದುಕೊಳ್ಳಬಹುದು. ಆದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿಯೇ, ಸಮವಸ್ತ್ರ ಇಲ್ಲದೆ ಬರಬೇಕು. ರಾತ್ರಿ ಠಾಣೆಯಲ್ಲಿ ಮಗುವನ್ನು ಕೂಡಿಸಿಕೊಳ್ಳುವಂತಿಲ್ಲ. ಇದನ್ನು ಅವಳ ಅಪ್ಪನಿಗೆ ಖಂಡಿತ ಹೇಳಿ, ಅರ್ಧ ಭಯ ಕಡಿಮೆಯಾಗುತ್ತದೆ.

ಯಾವ ಕಲಂ ಎಂದು ನೀವು ತಲೆ ಕೆಡಿಸಿಕೊಳ್ಳಬೇಡಿ. ದೂರಿನಲ್ಲಿ ನಡೆದದ್ದನ್ನು ದಿನಾಂಕದ ಪ್ರಕಾರ ಬರೆಯಿರಿ, ಲಿಂಕ್ ಮತ್ತು ಚಿತ್ರ ಸೇರಿಸಿ. ತಿಳಿದಿರಲಿ ಎಂದು ಹೇಳುತ್ತೇನೆ: 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹೆಣ್ಣುಮಗಳ ಮಾನಕ್ಕೆ ಕುಂದು ತರುವ ಮಾತು, ಚಿತ್ರಕ್ಕೆ ಅದರ 79ನೇ ಕಲಂ. ಬೇಡ ಎಂದರೂ ಬೆನ್ನು ಹತ್ತುವುದಕ್ಕೆ, ಆನ್‌ಲೈನ್‌ನಲ್ಲಿ ಮಾಡಿದರೂ, 78ನೇ ಕಲಂ. ಅಶ್ಲೀಲ ವಿಷಯ ಹಾಕಿದರೆ ಐಟಿ ಕಾಯ್ದೆಯ 67. ಬೇರೆಯವರ ಹೆಸರಲ್ಲಿ ನಕಲಿ ಅಕೌಂಟ್ ಮಾಡಿ ಮೋಸ ಮಾಡಿದರೆ 66ಡಿ. ಇನ್ನೂ ಹಲವರು 66ಎ ಹಾಕಿಸಿ ಎನ್ನುತ್ತಾರೆ. ಅದು ಈಗ ಇಲ್ಲ. ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಅದನ್ನು ರದ್ದು ಮಾಡಿತು. ಯಾರನ್ನಾದರೂ ಟೀಕಿಸಿದರೂ ಜೈಲಿಗೆ ಹಾಕುವಷ್ಟು ಸಡಿಲವಾಗಿತ್ತು ಆ ಕಲಂ. ರದ್ದಾಗಿದ್ದು ಒಳ್ಳೆಯದೇ ಆಯಿತು.

ಪೇಜ್ ತೆಗೆದರೆ ಸಾಕ್ಷಿ ಹೋಗುತ್ತದಲ್ಲ ಎಂದು ಕೆಲವರು ರಿಪೋರ್ಟ್ ಮಾಡಲು ಹಿಂಜರಿಯುತ್ತಾರೆ. 2021ರ ಐಟಿ ನಿಯಮಗಳ ಪ್ರಕಾರ ತೆಗೆದುಹಾಕಿದ ವಿಷಯವನ್ನು ಕಂಪನಿ ತನಿಖೆಗಾಗಿ 180 ದಿನ ಇಟ್ಟುಕೊಂಡಿರಬೇಕು. ಅದಕ್ಕೇ ತಡ ಮಾಡಬೇಡಿ ಎನ್ನುವುದು. ಅದೇ ನಿಯಮ ಇನ್ನೊಂದು ಗಡುವನ್ನೂ ತಂದಿತು. ನಗ್ನ ಚಿತ್ರ, ತಿರುಚಿದ ಚಿತ್ರ, ಬೇರೆಯವರ ಹೆಸರಲ್ಲಿ ಮಾಡಿದ ಅಕೌಂಟ್ ಬಗ್ಗೆ ಸ್ವತಃ ತೊಂದರೆಗೆ ಒಳಗಾದವರು ದೂರು ಕೊಟ್ಟರೆ 24 ಗಂಟೆಯೊಳಗೆ ತೆಗೆಯಲು ಕ್ರಮ ಕೈಗೊಳ್ಳಬೇಕು ಎಂದಿತು. ಇವಳದು ತಿರುಚಿದ ಚಿತ್ರವೇ. ಕಂಪನಿಯಲ್ಲಿ ದೂರು ಕೇಳುವ ಗ್ರೀವೆನ್ಸ್ ಆಫೀಸರ್‌ಗೆ ಬರೆಯುವಾಗ ಆ ಮಾತನ್ನೇ ಬಳಸಿ.

ಇಳಕಲ್ ಮಗ್ಗ

ನಮ್ಮದು ಸೀರೆ ನೇಯುವ ಮನೆ. ನಾವೂ ಇದನ್ನು ಅನುಭವಿಸಿದ್ದೇವೆ, ಬೇರೆ ರೀತಿಯಲ್ಲಿ.

ಮೊದಲು ನಮ್ಮ ಸೀರೆ ಸಾಹುಕಾರರ ಅಂಗಡಿಗೆ ಹೋಗುತ್ತಿತ್ತು. ಉಟ್ಟವರು ಯಾರು ಎಂದು ನಮಗೆ ಗೊತ್ತಿರಲಿಲ್ಲ, ನೇಯ್ದವರು ಯಾರು ಎಂದು ಅವರಿಗೆ ಗೊತ್ತಿರಲಿಲ್ಲ. ಈಗ ಹೆಂಡತಿ ಮಗ್ಗದ ಮುಂದೆ ಕೂತು ಇನ್‌ಸ್ಟಾಗ್ರಾಮ್‌ನಲ್ಲಿ ಲೈವ್ ಮಾಡುತ್ತಾಳೆ. ಸೀರೆಯ ಒಡಲಿನ ಹಾಸಿಗೂ (ಉದ್ದ ಎಳೆಗಳಿಗೂ) ಸೆರಗಿನ ರೇಷ್ಮೆ ಹಾಸಿಗೂ ಒಂದೊಂದೇ ಎಳೆ ಸಿಕ್ಕಿಸಿ ಕೊಂಡಿ ಹಾಕುವುದನ್ನು ತೋರಿಸುತ್ತಾಳೆ. ತೆನಿ ಸೆರಗು ಹೇಗೆ ಏಳುತ್ತದೆ ಎಂದು ತೋರಿಸುತ್ತಾಳೆ. ಅದನ್ನು ನೋಡಿದ ಮೇಲೆ ಗಿರಾಕಿ ಬೆಲೆ ಚೌಕಾಸಿ ಮಾಡುವುದು ಕಡಿಮೆಯಾಯಿತು. ಪುಣೆ, ಬೆಂಗಳೂರಿನಿಂದ ವಿಡಿಯೊ ಕಾಲ್ ಮಾಡಿ ಬಣ್ಣ ಆರಿಸುತ್ತಾರೆ. ಈ ಫೋನ್ ನಮ್ಮ ಮನೆಗೆ ಅನ್ನ ಕೊಟ್ಟಿದೆ, ಅದನ್ನು ಇಲ್ಲ ಎನ್ನುವುದಿಲ್ಲ.

ಆದರೆ ಒಂದು ಲೈವ್‌ನಲ್ಲಿ ಕಾಮೆಂಟ್ ಶುರುವಾಯಿತು. ಸೀರೆಯ ಬಗ್ಗೆ ಅಲ್ಲ, ಅವಳ ಮೈಬಣ್ಣ, ಹಲ್ಲು, ಮಾತಿನ ಧಾಟಿಯ ಬಗ್ಗೆ. ನಮ್ಮ ಕಡೆಯ ಕನ್ನಡವನ್ನು ಹಂಗಿಸಿ ಬರೆದರು. ಆಮೇಲೆ ಅದಕ್ಕಿಂತ ಕೀಳಾಗಿ. ಅವಳು ಎರಡೂ ಕೈಯಲ್ಲಿ ಎಳೆ ಹಿಡಿದಿದ್ದಳು, ಓದಲಿಲ್ಲ. ಫೋನ್ ಹಿಡಿದಿದ್ದ ಮಗಳು ಓದಿದಳು. ಐದನೇ ಕ್ಲಾಸಿನ ಹುಡುಗಿ. "ಅಪ್ಪಾ, ಈ ಶಬ್ದ ಅಂದರೆ ಏನು" ಎಂದು ಕೇಳಿದಳು. ಆವತ್ತು ಲೈವ್ ಅರ್ಧಕ್ಕೇ ನಿಲ್ಲಿಸಿದೆವು.

ಕಂಪನಿಯ ಫಿಲ್ಟರ್ ಇಂಗ್ಲಿಷ್ ಬೈಗುಳ ಹಿಡಿಯುತ್ತಿತ್ತು. ನಮ್ಮ ಕಡೆಯ ಬೈಗುಳ, ಅದನ್ನೂ ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ತರಹ ಬರೆದರೆ, ಒಂದೂ ಹಿಡಿಯುತ್ತಿರಲಿಲ್ಲ. ನನ್ನ ತಮ್ಮ ಸೆಟ್ಟಿಂಗ್ಸ್‌ನಲ್ಲಿ ಹಿಡನ್ ವರ್ಡ್ಸ್ ಎಂಬುದನ್ನು ತೋರಿಸಿದ. ಅದರಲ್ಲಿ ನಾವೇ ಶಬ್ದ ಸೇರಿಸಬಹುದು. ಅಣ್ಣ ತಮ್ಮ ಇಬ್ಬರೂ ಕೂತು ನಮಗೆ ಗೊತ್ತಿದ್ದ ಹೊಲಸು ಶಬ್ದಗಳನ್ನೆಲ್ಲ, ಎಲ್ಲ ಸ್ಪೆಲ್ಲಿಂಗ್‌ನಲ್ಲೂ, ಒಂದೊಂದಾಗಿ ಬರೆದೆವು. ನಾಚಿಕೆಯಾಗುವ ಕೆಲಸ. ಆದರೆ ಮಾಡಿದ ಮೇಲೆ ಬಹಳ ನಿಂತಿದೆ. ಅಂಗಡಿ, ವ್ಯಾಪಾರ ಇರುವವರು ಇದನ್ನು ಮಾಡಿಕೊಳ್ಳಿ.

ಶಹಾಪುರ ಪೇಟೆ

ಬೆಳಗಾವಿಯವನಾಗಿ ಒಂದು ಮಾತು ಸೇರಿಸುತ್ತೇನೆ. ನಮ್ಮ ಅಂಗಡಿಗೆ ಬಂದ ಗಿರಾಕಿ ಮರಾಠಿ ಮಾತಾಡಿದರೆ ನಾನು ಮರಾಠಿ, ಕನ್ನಡ ಮಾತಾಡಿದರೆ ಕನ್ನಡ, ಉರ್ದು ಮಾತಾಡಿದರೆ ಬಂದಷ್ಟು ಉರ್ದು. ಪಕ್ಕದ ಅಂಗಡಿಯವರದೂ ಅದೇ. ಒಂದೇ ಮನೆಯಲ್ಲಿ ಅತ್ತೆ ಮರಾಠಿ, ಸೊಸೆ ಕನ್ನಡ ಇರುವ ಕುಟುಂಬ ಎಷ್ಟಿಲ್ಲ? ಆದರೆ ಬೆಳಗಾವಿ ಎಂದು ಹುಡುಕಿ ಯಾವುದಾದರೂ ರೀಲ್ಸ್ ಕೆಳಗಿನ ಕಾಮೆಂಟ್ ಓದಿ. ಇಲ್ಲಿ ದಿನಾ ಕತ್ತಿ ಮಸೆಯುತ್ತಾರೆ ಅನಿಸುತ್ತದೆ. ಈ ಊರು ಯಾವತ್ತೂ ನೋಡದವರು ಎರಡೂ ಕಡೆಯಿಂದ ತಾಯಿ, ತಂಗಿಯ ಮೇಲೆ ಬೈಯುತ್ತಾರೆ. ಅದನ್ನು ಓದಿ ನಮ್ಮ ಕಾಲೇಜು ಹುಡುಗರು ಬಿಸಿಯಾಗುತ್ತಾರೆ. ನಿನ್ನೆಯವರೆಗೆ ಒಟ್ಟಿಗೆ ಕ್ರಿಕೆಟ್ ಆಡಿದವರು ಗ್ರೂಪ್ ಬಿಟ್ಟು ಹೋಗಿದ್ದನ್ನು ನೋಡಿದ್ದೇನೆ. ಎದುರಿಗೆ ನಿಂತಾಗ ಯಾರೂ ಹಾಗೆ ಮಾತಾಡುವುದಿಲ್ಲ.

ಇಂಡಿ ಲಿಂಬೆ ತೋಟ

ಮೇಷ್ಟ್ರು, ವಕೀಲ ಮೇಡಂ ಬರೆದದ್ದು ಓದಿದೆ. ಸುಮ್ನೆ ಇರಿ ಎಂದಿದ್ದೆ, ಈಗ ಹಾಗೆ ಹೇಳಲಾರೆ. ನನಗೆ ಒಂದು ಅನುಮಾನ. ನಮ್ಮೂರ ಗ್ರೂಪಿಗೆ ನಾನೇ ಅಡ್ಮಿನ್. ಯಾರೋ ಏನೋ ಹಾಕಿದರೆ ಅಡ್ಮಿನ್‌ನನ್ನೇ ಒಳಗೆ ಹಾಕುತ್ತಾರಂತೆ, ಹೌದಾ?

ಟಿಳಕವಾಡಿ ವಕೀಲೆ

ಬರೀ ಅಡ್ಮಿನ್ ಆಗಿದ್ದ ಮಾತ್ರಕ್ಕೆ ಬೇರೆಯವರು ಹಾಕಿದ್ದಕ್ಕೆ ಅಡ್ಮಿನ್ ಅಪರಾಧಿ ಆಗುವುದಿಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ಹೇಳಿದೆ. ಕೇರಳ ಹೈಕೋರ್ಟ್ 2022ರಲ್ಲಿ ಅದನ್ನೇ ಹೇಳಿದೆ. ಆದರೆ ಅವರ ಜೊತೆ ಕೈಗೂಡಿಸಿದ್ದರೆ ಆ ಮಾತು ಬೇರೆ. ಕಾನೂನು ಬಿಟ್ಟರೂ, ನಿಮಗೆ ಅಧಿಕಾರ ಇದೆಯಲ್ಲ. 2022ರಿಂದ ಅಡ್ಮಿನ್ ಯಾರ ಮೆಸೇಜನ್ನಾದರೂ ಎಲ್ಲರ ಫೋನಿನಿಂದ ಅಳಿಸಬಹುದು. ಅಡ್ಮಿನ್ ಮಾತ್ರ ಬರೆಯುವ ಹಾಗೆ ಗ್ರೂಪನ್ನು ಸ್ವಲ್ಪ ಹೊತ್ತು ಮುಚ್ಚಬಹುದು.

ನವನಗರದ ಮೇಷ್ಟ್ರು

ಇಂಡಿಯವರೇ, ಊರ ಗ್ರೂಪಿನ ಅಡ್ಮಿನ್ ಕೆಲಸ ಸಣ್ಣದಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು ನೆನಪಿದೆಯಾ? ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸುದ್ದಿ ನಂಬಿ ಜನ ಹೈದರಾಬಾದಿನಿಂದ ಬಂದವರ ಮೇಲೆ ಬಿದ್ದರು. ಒಬ್ಬ ತರುಣ ಸತ್ತ. ಅವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. ದೇಶದಲ್ಲಿ ಅಂಥ ಸಾವುಗಳು ಒಂದರ ಹಿಂದೆ ಒಂದು ಆದ ಮೇಲೆ ವಾಟ್ಸಾಪ್ ಒಂದು ಸಲಕ್ಕೆ ಐದು ಕಡೆ ಮಾತ್ರ ಫಾರ್ವರ್ಡ್ ಎಂದು ಮಿತಿ ಹಾಕಿತು. 2020ರಲ್ಲಿ, ಬಹಳ ಸಲ ಫಾರ್ವರ್ಡ್ ಆಗಿ ಬಂದದ್ದನ್ನು ಒಂದು ಸಲಕ್ಕೆ ಒಂದೇ ಕಡೆ ಎಂದು ಮಾಡಿತು. ಆ ಸುದ್ದಿ ಹಾದು ಹೋದ ಪ್ರತಿ ಗ್ರೂಪಿಗೂ ಒಬ್ಬ ಅಡ್ಮಿನ್ ಇದ್ದ. ಒಬ್ಬನಾದರೂ "ಇದು ಖರೆ ಏನು" ಎಂದು ಕೇಳಬಹುದಿತ್ತು.

ವಿಜಯಪುರದ ಮೌಶಿ

ಎಲ್ಲರಿಗೂ ಉಪಕಾರ. ಏನೇನಾಯಿತು ಹೇಳುತ್ತೇನೆ.

ಹಾಸ್ಟೆಲ್ ತಂಗಿ ಹೇಳಿದ ಹಾಗೆ ಎಲ್ಲ ಉಳಿಸಿಕೊಂಡೆವು. ಹುಡುಗಿಯೇ ಮಾಡಿದಳು, ನಾನು ಪಕ್ಕದಲ್ಲಿ ಕೂತಿದ್ದೆ. ಕೆಲಸ ಮಾಡುತ್ತಾ ಮಾಡುತ್ತಾ ಅವಳ ಮುಖದಲ್ಲಿ ಸ್ವಲ್ಪ ಗೆಲುವು ಬಂತು. ತನ್ನ ಕೈಯಲ್ಲೂ ಏನೋ ಇದೆ ಎನಿಸಿತೋ ಏನೋ. ದೂರು ಕೊಟ್ಟೆವು. ಠಾಣೆಯಲ್ಲಿ ಇದ್ದ ಮಹಿಳಾ ಅಧಿಕಾರಿ ಚೆನ್ನಾಗಿ ಮಾತಾಡಿಸಿದರು. ಪೋಸ್ಟ್ ಹೋಗಿದೆ, ಪೇಜೂ ಹೋಗಿದೆ. ಸ್ಟಿಕ್ಕರ್ ಮಾತ್ರ ಎಷ್ಟು ಫೋನಿನಲ್ಲಿ ಉಳಿದಿದೆಯೋ ದೇವರಿಗೇ ಗೊತ್ತು.

ಕಾಲೇಜಿನವರು ಮೊದಲು "ಅದು ನಮ್ಮ ಪೇಜ್ ಅಲ್ಲ" ಎಂದು ಕೈ ತೊಳೆದುಕೊಂಡರು. ಪೇಜ್ ನಿಮ್ಮದಲ್ಲ, ಹುಡುಗರು ನಿಮ್ಮವರಲ್ಲವಾ ಎಂದು ಕೇಳಿದೆ. ದೂರಿನ ಪ್ರತಿ ತೋರಿಸಿದ ಮೇಲೆ ಕ್ಲಾಸಿಗೆ ಹೋಗಿ ಮಾತಾಡಿದರು.

ಈಗ ಹೊಸ ಸಂಕಟ. ಪೇಜ್ ನಡೆಸುತ್ತಿದ್ದವರಲ್ಲಿ ಒಬ್ಬ ನಮ್ಮ ಓಣಿಯ ಹುಡುಗನೇ. ಅವನ ಅವ್ವ ನನ್ನ ಜೊತೆ ಸಂಕ್ರಮಣಕ್ಕೆ ಎಳ್ಳು ಬೆಲ್ಲ ಹಂಚಿದವಳು. ಹಿರಿಯರನ್ನು ಕರೆದುಕೊಂಡು ಮನೆಗೆ ಬಂದರು. ಹುಡುಗನ ಭವಿಷ್ಯ ಹಾಳಾಗುತ್ತದೆ, ರಾಜಿ ಮಾಡಿಕೊಳ್ಳಿ, ದೂರು ಹಿಂದೆ ತೆಗೆದುಕೊಳ್ಳಿ ಎಂದರು. ಆ ಹುಡುಗನಿಗೂ 17. ಅವನ ಅವ್ವನ ಕಣ್ಣೀರು ನೋಡಿ ನನಗೂ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು. ಆದರೆ ಬಂದ ಹಿರಿಯರಲ್ಲಿ ಒಬ್ಬರೂ ನಮ್ಮ ಹುಡುಗಿ ಊಟ ಮಾಡುತ್ತಿದ್ದಾಳಾ, ಓದುತ್ತಿದ್ದಾಳಾ ಎಂದು ಕೇಳಲಿಲ್ಲ. ಅವಳ ಭವಿಷ್ಯದ ಮಾತು ಯಾರ ಬಾಯಲ್ಲೂ ಬರಲಿಲ್ಲ. ಏನು ಮಾಡಲಿ?

ಟಿಳಕವಾಡಿ ವಕೀಲೆ

ಮೌಶಿಯವರೇ, ಇಂಥ ವಿಷಯದಲ್ಲಿ 18 ತುಂಬದ ಹುಡುಗನ ಪ್ರಕರಣ ಸಾಮಾನ್ಯವಾಗಿ ದೊಡ್ಡವರ ಕೋರ್ಟಿಗೆ ಹೋಗುವುದಿಲ್ಲ, ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. ಅಲ್ಲಿ ಅವನ ಹೆಸರೂ ಗುಪ್ತವಾಗಿರುತ್ತದೆ. ಇಂಥ ವಿಷಯಗಳಲ್ಲಿ ಸಾಮಾನ್ಯವಾಗಿ ಬುದ್ಧಿ ಹೇಳುವುದು, ಕೌನ್ಸೆಲಿಂಗ್, ಸಮುದಾಯ ಸೇವೆ ಇಂಥ ದಾರಿಗಳಿವೆ. ಜೈಲಿಗೆ ಹಾಕಿಬಿಡುತ್ತಾರೆ ಎಂಬ ಹೆದರಿಕೆ ಅವನ ತಾಯಿಗೆ ಬೇಡ, ಇದನ್ನು ನೀವೇ ಹೇಳಿ. ಪೋಕ್ಸೊ ಹಾಕಿದ್ದರೆ ಅದನ್ನು ಮನೆಯಲ್ಲಿ ಕೂತು ರಾಜಿ ಮಾಡಿ ಮುಗಿಸಲು ಬರುವುದಿಲ್ಲ. ಮನೆಗೆ ಬಂದು ಒತ್ತಡ ಹಾಕಿದವರ ಬಗ್ಗೆಯೂ ತನಿಖಾಧಿಕಾರಿಗೆ ತಿಳಿಸಿ. ನಿಮ್ಮ ಹುಡುಗಿಯನ್ನು ಆ ಹುಡುಗನ ಎದುರು ಕೂಡಿಸಿ "ಕ್ಷಮಿಸಿಬಿಡು" ಎಂದು ಹೇಳಿಸುವ ಪಂಚಾಯಿತಿಗೆ ಮಾತ್ರ ಒಪ್ಪಬೇಡಿ.

ನವನಗರದ ಮೇಷ್ಟ್ರು

ಹುಡುಗಿಗೆ ನಿದ್ದೆ ಬರುತ್ತಿಲ್ಲವಾದರೆ, ಊಟ ಸೇರುತ್ತಿಲ್ಲವಾದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮಕ್ಕಳ ಸಹಾಯವಾಣಿ 1098. ಡಾಕ್ಟರಿಗೆ ತೋರಿಸುವುದಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಮ್ಮೆಲ್ಲರಿಗೂ ಹತ್ತಿರ. ತಪ್ಪು ತಿಳಿಯುತ್ತಾರೆ ಎಂದು ಅಂಜಬೇಡಿ.

ವಿಜಯಪುರದ ಮೌಶಿ

1098 ಬರೆದುಕೊಂಡೆ ಸರ್. 14416ಕ್ಕೆ ನಿನ್ನೆಯೇ ಅವಳು ತಾನಾಗಿ ಫೋನ್ ಮಾಡಿ ಮಾತಾಡಿದ್ದಾಳೆ. ದೂರು ಹಿಂದೆ ತೆಗೆದುಕೊಳ್ಳುವುದಿಲ್ಲ ಎಂದು ಹಿರಿಯರಿಗೆ ಹೇಳಿದ್ದೇವೆ. ಹೇಳಿದ್ದು ನಾನಲ್ಲ, ನಮ್ಮ ಭಾವನವರು. ವಕೀಲ ಮೇಡಂ ಬರೆದದ್ದು, ಹಾಸ್ಟೆಲ್ ತಂಗಿ ಬರೆದದ್ದು ಎರಡನ್ನೂ ಅವರಿಗೆ ಓದಿ ಹೇಳಿದ್ದೆ. ಫೋನ್ ಅವಳ ಹತ್ತಿರವೇ ಇದೆ. ಕ್ಲಾಸಿನ ಇಬ್ಬರು ಹುಡುಗಿಯರು ಮನೆಗೆ ಬಂದು ನೋಟ್ಸ್ ಕೊಟ್ಟು ಹೋದರು.

ಜಮಖಂಡಿ ತಾಯಿ

ಅಕ್ಕಾ, ಈ ಚರ್ಚೆ ಮೊದಲಿನಿಂದ ಓದುತ್ತಿದ್ದೇನೆ, ಬರೆಯಲು ಧೈರ್ಯ ಬಂದಿರಲಿಲ್ಲ. ನನ್ನ ಮಗ ಒಂಬತ್ತನೇ ಕ್ಲಾಸ್. ಸ್ವಲ್ಪ ತೊದಲುತ್ತಾನೆ. ಕ್ಲಾಸಿನಲ್ಲಿ ಅವನು ಓದುವಾಗ ರೆಕಾರ್ಡ್ ಮಾಡಿ, ಹಾಡು ಸೇರಿಸಿ ರೀಲ್ಸ್ ಮಾಡಿದ್ದಾರೆ. ಗಂಡುಹುಡುಗ, ಇದನ್ನೆಲ್ಲ ಹೇಳಿಕೊಂಡರೆ ಇನ್ನೂ ನಗುತ್ತಾರೆ ಎನ್ನುತ್ತಾನೆ. ಅವರ ಅಪ್ಪ ಇನ್ನೂ ನೋಡಿಲ್ಲ. ನಾನು ಎಲ್ಲಿಂದ ಶುರು ಮಾಡಲಿ?

ವಿಜಯಪುರದ ಮೌಶಿ

ತಂಗಿ, ಮೊದಲು ಅವನಿಗೆ ಹೇಳಿ, ಫೋನ್ ಕಸಿಯುವುದಿಲ್ಲ, ಶಾಲೆ ಬಿಡಿಸುವುದಿಲ್ಲ ಅಂತ. ಆಮೇಲೆ ಇಬ್ಬರೂ ಕೂತು ರೀಲ್ಸ್ ಲಿಂಕ್ ಕಾಪಿ ಮಾಡಿ, ಸ್ಕ್ರೀನ್ ರೆಕಾರ್ಡ್ ಮಾಡಿ. ಅದಾದ ಮೇಲೆ ರಿಪೋರ್ಟ್ ಮಾಡಿ. ಹಾಸ್ಟೆಲ್ ತಂಗಿ ಬರೆದದ್ದನ್ನು ಮುಂದಿಟ್ಟುಕೊಂಡು ಒಂದೊಂದಾಗಿ ಮಾಡಿ. ಹೆಡ್‌ಮಾಸ್ತರರ ಹತ್ತಿರ ಹೋಗುವಾಗ ಬಾಯಿಮಾತಲ್ಲಿ ಹೇಳಬೇಡಿ, ಅರ್ಜಿ ಬರೆದು ಕೊಟ್ಟು ಅದರ ಪ್ರತಿಯ ಮೇಲೆ ಸಹಿ ಹಾಕಿಸಿಕೊಳ್ಳಿ. ನನ್ನ ನಂಬರ್ ನಿಮಗೆ ಖಾಸಗಿಯಾಗಿ ಕಳಿಸಿದ್ದೇನೆ. ಅರ್ಜಿ ಹೇಗೆ ಬರೆಯಬೇಕು ಎಂದು ನಮ್ಮ ಹುಡುಗಿಯೇ ಹೇಳಿಕೊಡುತ್ತೇನೆ ಎನ್ನುತ್ತಿದ್ದಾಳೆ. ಸಂಜೆ ಆರರ ಮೇಲೆ ಫೋನ್ ಮಾಡಿ, ಇಬ್ಬರೂ ಮನೆಯಲ್ಲಿ ಇರುತ್ತೇವೆ.